ಅಮಾವಾಸ್ಯೆಯ ದಿನ ತೋರಿಸಿದ ಗುಡ್ಡ

ಆತ್ಮೀಯ ಸದಸ್ಯ ಬಂಧುಗಳಿಗೆ ವಂದನೆಗಳು.

ನಮ್ಮ ಕೂಟದ ಪತ್ರಿಕೆಯ ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಎಳ್ಳಮಾವಾಸ್ಯೆ ಬಾಗಿಲಿಗೆ ಬಂದಿರುತ್ತದೆ. ಅಂದು ಹೊಲದಲ್ಲಿ ಅಡುಗೆ ಚೆಲ್ಲಿ ಭೂತಾಯಿಗೆ ಅರ್ಪಿಸುವ ಚರಗದ ಕುರಿತೇ ಬರೆಯಬೇಕೆಂದು ಎರಡು ರಾತ್ರಿ ಕುಳಿತಿದ್ದೆ. ಆದರೆ ಹೋದ ಭಾನುವಾರ ಬಂದ ಒಂದು ಫೋನ್ ಕರೆ, ಅದರ ಬೆನ್ನಿಗೇ ಮಗಳು ಕೇಳಿದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲವಾದ್ದರಿಂದ, ಅಚ್ಚಿಗೆ ಕಳಿಸಲು ಒಂದೇ ದಿನ ಉಳಿದಿರುವಾಗ ಅದನ್ನೇ ಬರೆಯುತ್ತಿದ್ದೇನೆ.

ಕರೆ ಮಾಡಿದವನು ಸಿಂಧನೂರು ಕಡೆಯ ಹುಡುಗ. ದುಡಿಯುತ್ತ ದೇಶ ನೋಡಲು ಅವಕಾಶ ಕೊಡುವ ಆಸ್ಟ್ರೇಲಿಯಾದ 'ವರ್ಕ್ ಅಂಡ್ ಹಾಲಿಡೇ' ವೀಸಾ 2024ರಿಂದ ನಮ್ಮ ದೇಶದವರಿಗೂ ತೆರೆದಿದೆ. 18ರಿಂದ 30 ವರ್ಷದೊಳಗಿನವರಿಗೆ ವರ್ಷಕ್ಕೆ 1,000 ವೀಸಾ ಮಾತ್ರ, ಅದೂ ಚೀಟಿ ಎತ್ತಿ. ಆ ಸಾವಿರದಲ್ಲಿ ಒಬ್ಬನಾಗಿ ಬಂದಿರುವ ಈತ ಮೆಲ್ಬರ್ನ್‌ಗೆ ಬಂದಿಳಿದಾಗ ನಮ್ಮ ಮನೆಯಲ್ಲಿಯೇ ನಾಲ್ಕು ದಿನ ಇದ್ದ. "ಅಕ್ಕಾ, ಸಮುದ್ರದ ದಂಡಿ ಹಿಡಿದು ಹೋಗಿ ಆ ಹನ್ನೆರಡು ಅಪೊಸಲ್ ಕಲ್ಲೂ ನೋಡಿ ಬಂದೆ. ಎಲ್ಲಾರೂ ನಿಂತು ಫೋಟೊ ತಕ್ಕೊಳ್ಳೋ ಜಾಗದಾಗ ನಾನೂ ನಿಂತು ತಕ್ಕೊಂಡೆ. ಯಾರೂ ನೋಡದ, ಖರೇ ಆಸ್ಟ್ರೇಲಿಯಾ ಎಲ್ಲೈತಿ ಹೇಳ್ರಿ" ಎಂದು ಕೇಳಿದ. ಪಕ್ಕದಲ್ಲಿ ಚಿತ್ರ ಬರೆಯುತ್ತ ಕುಳಿತಿದ್ದ ನನ್ನ ಒಂಬತ್ತು ವರ್ಷದ ಮಗಳು ತಲೆಯೆತ್ತಿ, "ಅಮ್ಮಾ, ನಿನ್ನ ಊರೂ ಯಾರೂ ನೋಡದ ಜಾಗನಾ?" ಎಂದಳು.

ಇಬ್ಬರಿಗೂ ನಾನು ಅಂದು ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ.

1991ರ ಜನವರಿ. ಕೊಪ್ಪಳವಿನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಗಂಗಾವತಿ ಸೀಮೆಯ ನಾವೆಲ್ಲ ರಾಯಚೂರು ಜಿಲ್ಲೆಯವರೇ ಆಗಿದ್ದೆವು. ಹಂಪಿಯಿಂದ ಹರಿಗೋಲಿನಲ್ಲಿ ಹೊಳೆ ದಾಟಿ, ಆನೆಗೊಂದಿಯಿಂದ ಬಾಡಿಗೆ ಸೈಕಲ್ಲು ತುಳಿಯುತ್ತ ಬಂದ ಒಬ್ಬ ಬಿಳಿಯ ಹುಡುಗಿಯ ಸೈಕಲ್ ಗಾಲಿ ನಮ್ಮ ಊರ ಅಗಸಿಯ ಮುಂದೆ ಪಂಕ್ಚರ್ ಆಯಿತು. ಅವಳು ಯಾವ ದೇಶದವಳೆಂದು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ವಿಚಾರಿಸಲಿಲ್ಲ, ಅಜ್ಜನಿಗೆ ಅವಳು 'ದೊರೆಸಾನಿ', ಅಷ್ಟೇ. ಊರ ಶಾಲೆಯ ಮೇಷ್ಟ್ರು ನಡುವೆ ನಿಂತು ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಿ, ಪುಸ್ತಕದಲ್ಲಿ ಬರೆದಿಲ್ಲದ ಜಾಗ ಇಲ್ಲಿ ಯಾವುದಾದರೂ ಇದೆಯೇ ಎಂದು ಅವಳು ಕೇಳುತ್ತಿದ್ದಾಳೆಂದು ಹೇಳಿದರು. ಅಜ್ಜ ತಲೆ ಅಲ್ಲಾಡಿಸಿದ. "ಏನೈತಿ ಇಲ್ಲಿ, ಬರೇ ಕಲ್ಲು. ಹಂಪಿಯೊಳಗ ನೋಡಿದ್ದ ಮುಗೀತು ಅಂತ ಹೇಳ್ರಿ." ಬೆನ್ನ ಹಿಂದೆಯೇ ಹಿರೇಬೆಣಕಲ್ ಗುಡ್ಡದ ಸಾಲು ಕಾಣುತ್ತಿತ್ತು. ಅಜ್ಜ ಆ ಕಡೆ ತಿರುಗಿ ಸಹ ನೋಡಲಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಿಟ್ಟಿದ್ದ ದಿನಗಳವು. ಎರಡನೆಯ ಬೆಳೆಗೆ ಭತ್ತ ಹಚ್ಚುವ ಕೆಲಸ ನಡೆದಿತ್ತು. ಆ ಹುಡುಗಿ ಮರುದಿನ ಬೆಳಿಗ್ಗೆ ತಾನೂ ಗದ್ದೆಗೆ ಬರುತ್ತೇನೆಂದು ಹೊರಟಳು. ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯ ಹೆಬ್ಬೆರಳು ಮತ್ತೆರಡು ಬೆರಳುಗಳ ನಡುವೆ ಎರಡು ಮೂರು ಎಸಳು ಕಿತ್ತು, ಬೇರು ಮಡಚದ ಹಾಗೆ ಕೆಸರಿಗೆ ಒತ್ತಬೇಕು. ಅವಳು ಹಚ್ಚಿದ ಮೊದಲ ಸಾಲಿನ ಸಸಿಗಳೆಲ್ಲ ಒಂದೊಂದಾಗಿ ಮೇಲೆದ್ದು ನೀರಿನಲ್ಲಿ ತೇಲಿದವು. ನಮ್ಮ ದೊಡ್ಡವ್ವ ಏನೂ ಅನ್ನದೆ ಅವಳ ಹಿಂದೆಯೇ ಬಾಗಿ ಬರುತ್ತ ಅವನ್ನೆಲ್ಲ ಮತ್ತೆ ಒತ್ತಿದಳು. ಮಧ್ಯಾಹ್ನ ಬದುವಿನ ಮೇಲೆ ಎಲ್ಲರ ಜೊತೆ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ ತಿಂದಳು. ಎರಡನೆಯ ದಿನ ಅರ್ಧ ಸಾಲು ನಿಂತಿತು. ನಾಲ್ಕನೆಯ ದಿನ ಅವಳು ಹಚ್ಚಿದ ಒಂದು ಸಸಿಯೂ ತೇಲಲಿಲ್ಲ. ಅಂದು ಸಂಜೆ ಕೈಕಾಲು ತೊಳೆದು ಬಂದ ಅಜ್ಜ ತಾನಾಗಿಯೇ ಮೇಷ್ಟ್ರನ್ನು ಕರೆಸಿದ. "ನಾಳೆ ಅಮಾಸಿ, ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ನಸುಕಿನ್ಯಾಗ ಎದ್ದರ ಮೋರೇರ ಗುಡ್ಡ ತೋರಸ್ತೀನಿ ಅಂತ ಹೇಳ್ರಿ."

ನಾನೂ ನನ್ನ ತಮ್ಮನೂ ಹಿಂದೆ ಓಡಿದೆವು. ಕರಡಿ ಇರುವ ಗುಡ್ಡವಾದ್ದರಿಂದ ಅಜ್ಜ ಕೋಲಿನಿಂದ ಬಂಡೆಗೆ ಬಡಿಯುತ್ತ, ಗಟ್ಟಿಯಾಗಿ ಮಾತಾಡುತ್ತ ಮುಂದೆ ನಡೆದ. ದಾರಿಯಲ್ಲಿ ಒಂದು ಬಂಡೆಯ ಅಡಿಗೆ ಕೆಂಪು ಬಣ್ಣದಲ್ಲಿ ಬರೆದ ಹಳೆಯ ಚಿತ್ರಗಳನ್ನು ಕೋಲಿನ ತುದಿಯಿಂದ ತೋರಿಸಿದ. ಮೇಲೆ ಹತ್ತಿದಾಗ ಸೂರ್ಯ ಹುಟ್ಟುತ್ತಿದ್ದ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಹೊದಿಸಿ, ಒಂದು ಮಗ್ಗುಲಿಗೆ ದುಂಡನೆಯ ಕಿಂಡಿ ಕೊರೆದ ಕಲ್ಲಿನ ಮನೆಗಳು ಸಾಲುಸಾಲಾಗಿ ನಿಂತಿದ್ದವು. ಕೆಲವು ಆಳೆತ್ತರ, ಕೆಲವು ಮೊಳಕಾಲೆತ್ತರ. ಮೋರೇರೆಂಬ ಗಿಡ್ಡ ಮಂದಿ ಕಟ್ಟಿಕೊಂಡ ಮನೆಗಳಿವು ಎಂಬ ಕಥೆ ಕೇಳಿ ಬೆಳೆದ ನಾವು ಆ ಕಿಂಡಿಯೊಳಗೆ ತೂರಿ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು, ಅಂದೂ ತೂರಿದೆವು. ಆ ಹುಡುಗಿ ಮಾತ್ರ ಹೊರಗೆ ನಿಂತು ಬೂಟು ಬಿಚ್ಚಿದಳು. ಇವು ಸಮಾಧಿಗಳಲ್ಲವೇ ಎಂದು ಮೇಷ್ಟ್ರನ್ನು ಮೆಲ್ಲಗೆ ಕೇಳಿದಳು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸತ್ತವರ ಮನೀನೂ ಮನೀನ. ಬೂಟು ಬಿಟ್ಟದ್ದು ಛಲೋ ಆತು" ಎಂದವನು, ನಮ್ಮಿಬ್ಬರನ್ನೂ ಕೈಹಿಡಿದು ಹೊರಗೆಳೆದ. ಅಂದಿನಿಂದ ನಾವು ಆ ಕಿಂಡಿಗಳಲ್ಲಿ ತೂರಲಿಲ್ಲ. ಕೊನೆಗೆ ನಗಾರಿಯಂತೆ ದುಂಡಗಿರುವ ದೊಡ್ಡ ಕಲ್ಲಿನ ಬಳಿಗೆ ಕರೆದೊಯ್ದು, ಮುಷ್ಟಿಗಾತ್ರದ ಕಲ್ಲಿನಿಂದ ಅಜ್ಜ ಮೂರು ಸಲ ಬಡಿದ. ಆ ಸದ್ದು ಗುಡ್ಡದಿಂದ ಇಳಿದು ಗದ್ದೆಗಳವರೆಗೆ ಹೋಯಿತು.

ಹಿರೇಬೆಣಕಲ್‌ನಲ್ಲಿ ಇಂಥ ಸುಮಾರು 400 ಸಮಾಧಿಗಳಿವೆ, ಅವು 2,000 ವರ್ಷಕ್ಕೂ ಹಿಂದಿನವು, ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದಾನೆ ಎಂಬುದೆಲ್ಲ ನನಗೆ ತಿಳಿದದ್ದು ಕಾಲೇಜು ಸೇರಿದ ಮೇಲೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಅದರ ಹೆಸರು ಬಂದಾಗ ಇಲ್ಲಿಯೇ ಕುಳಿತು ಅತ್ತೆ.

ಸಿಂಧನೂರಿನ ತಮ್ಮನಿಗೆ ನಾನು ಹೇಳಬೇಕಾದದ್ದು ಇದರಲ್ಲಿಯೇ ಇದೆ. ಅಜ್ಜ ಗುಡ್ಡ ತೋರಿಸಿದ್ದು ಸೈಕಲ್ಲಿನ ಮೇಲೆ ಬಂದು ನೋಡುವ ಜಾಗ ಕೇಳಿದವಳಿಗಲ್ಲ. ನಾಲ್ಕು ದಿನ ಪಕ್ಕದಲ್ಲಿ ಬಗ್ಗಿ ಸಸಿ ಹಚ್ಚಿದವಳಿಗೆ. ಈ ವೀಸಾದ ನಿಯಮದಂತೆ ಎರಡನೆಯ ವರ್ಷ ಇರಬೇಕಾದರೆ ನಗರಗಳಿಂದಾಚೆಯ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮೂರು ತಿಂಗಳು ನಿಗದಿತ ಕೆಲಸಗಳನ್ನು ಮಾಡಿರಬೇಕು. ಹೆಚ್ಚಿನ ಹುಡುಗರು ಇದನ್ನು ತಿರುಗಾಟಕ್ಕೆ ಮುನ್ನ ಕಟ್ಟಬೇಕಾದ ಸುಂಕವೆಂದು ತಿಳಿಯುತ್ತಾರೆ. ಆದರೆ ಯಾರೂ ನೋಡದ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿ ಆ ಮೂರು ತಿಂಗಳೇ ಎಂದು ನಾನು ನಂಬಿದ್ದೇನೆ.

ನಮ್ಮ ಹುಡುಗನಿಗೂ ಈಗ ಅದೇ ಅನುಭವವಾಗುತ್ತಿದೆ. ಅವನೀಗ ನ್ಯೂ ಸೌತ್ ವೇಲ್ಸ್‌ನ ಗ್ರಿಫಿತ್ ಬಳಿ ಕಿತ್ತಳೆ ಬಿಡಿಸುತ್ತಿದ್ದಾನೆ. 1912ರಲ್ಲಿ ಆರಂಭವಾದ ಮರಂಬಿಜಿ ನೀರಾವರಿಯ ಸೀಮೆ ಅದು. ಪಕ್ಕದ ಲೀಟನ್ ಸುತ್ತ ಭತ್ತ ಬೆಳೆಯುತ್ತಾರೆ. "ಥೇಟ್ ನಮ್ಮ ಕಾಲುವಿ ಐತ್ರಿ ಅಕ್ಕಾ, ಆದರ ನಾಟಿನ ಇಲ್ಲ, ವಿಮಾನದಾಗಿಂದ ಬೀಜ ಉಗ್ಗತಾರ" ಎಂದು ಅವನು ಹೇಳುವಾಗ ದನಿಯಲ್ಲಿದ್ದ ಅಚ್ಚರಿಯನ್ನು ಯಾವ ಪ್ರವಾಸಿ ತಾಣವೂ ಅವನಿಗೆ ಕೊಟ್ಟಿರಲಿಲ್ಲ. ಈ ಎರಡೂ ಊರುಗಳ ನಕ್ಷೆ ಬರೆದವರು ಕ್ಯಾನ್‌ಬೆರಾ ನಗರವನ್ನು ರೂಪಿಸಿದ ವಾಲ್ಟರ್ ಬರ್ಲಿ ಗ್ರಿಫಿನ್. ಅವರು 1937ರಲ್ಲಿ ತೀರಿಕೊಂಡದ್ದು ನಮ್ಮ ಲಖನೌದಲ್ಲಿ, ಅವರ ಸಮಾಧಿಯೂ ಅಲ್ಲಿಯೇ ಇದೆ. ಹಣ್ಣು ಆರಿಸುವ ಶೆಡ್ಡಿನಲ್ಲಿ ಅವನ ಪಕ್ಕ ನಿಲ್ಲುವ ಇಟಲಿ ಮೂಲದ ಅಜ್ಜಿಯೊಬ್ಬರು ಎರಡು ವಾರದ ಹಿಂದೆ ಅವನನ್ನು ಊರ ಮೇಲಿನ ಗುಡ್ಡಕ್ಕೆ ಕರೆದೊಯ್ದರಂತೆ. ವಲೇರಿಯೊ ರಿಚೆಟ್ಟಿ ಎಂಬ ಇಟಲಿಯವನು 1929ರಲ್ಲಿ ಅಲ್ಲಿನ ಗವಿಯೊಂದನ್ನು ಕಂಡು, ವರ್ಷಗಟ್ಟಲೆ ಒಬ್ಬಂಟಿಯಾಗಿ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ, ಮೆಟ್ಟಿಲು, ತೋಟ ಕಟ್ಟಿದ ಜಾಗವದು. ಅಜ್ಜಿ ಬುತ್ತಿ ಬಿಚ್ಚಿ ಅರ್ಧ ಇವನಿಗೆ ಕೊಟ್ಟರಂತೆ. ಅಂದರೆ ಅವನು ನನಗೆ ಕರೆ ಮಾಡುವ ಮೊದಲೇ ಅವನ ಅಮಾವಾಸ್ಯೆ ಬಂದು ಹೋಗಿತ್ತು. ಅದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಮ್ಮ ಸೀಮೆಯ ಬೇರೆ ಮಕ್ಕಳೂ ಬರುತ್ತಿರುವುದರಿಂದ ಇನ್ನೂ ಕೆಲವು ಮಾತು. ಮಿಲ್ಡೂರಾ ಕಡೆ ದ್ರಾಕ್ಷಿ ಕೆಲಸ ಸಿಕ್ಕವರು ಮುಂಗೊ ಸರೋವರಕ್ಕೆ ಹೋಗಬೇಕು. 1968ರಲ್ಲಿ ಹೆಣ್ಣೊಬ್ಬಳ, 1974ರಲ್ಲಿ ಗಂಡೊಬ್ಬನ ಅಸ್ಥಿ ಆ ಒಣ ಕೆರೆಯ ಮರಳಿನಲ್ಲಿ ಕಂಡವು. ಅವು ಸುಮಾರು 42,000 ವರ್ಷದಷ್ಟು ಹಳೆಯವು. ಮಣ್ಣಿನ ದಾರಿಯಾದ್ದರಿಂದ ಮಳೆ ಬಂದರೆ ಮುಚ್ಚುತ್ತಾರೆ, ಮರಳ ದಿಬ್ಬಗಳ ಮೇಲೆ ಮಾರ್ಗದರ್ಶಕರೊಂದಿಗೆ ಮಾತ್ರ ಹೋಗಬಹುದು. ಅಲ್ಲಿನ ಮೂಲನಿವಾಸಿ ಮಾರ್ಗದರ್ಶಕರು ಇಲ್ಲಿ ನಿಲ್ಲು ಎಂದಲ್ಲಿ ನಿಲ್ಲಿ, ಫೋಟೊ ಬೇಡವೆಂದರೆ ಬೇಡ. ಬಳ್ಳಾರಿ, ಸಂಡೂರು, ಹಟ್ಟಿಯ ಗಣಿ ಕಂಡವರಿಗೆ ಬ್ರೋಕನ್ ಹಿಲ್ ಪರಕೀಯವೆನಿಸುವುದಿಲ್ಲ. ಒಂಟೆ ಹೊಡೆಯುತ್ತ ಬಂದ ನಮ್ಮ ಉಪಖಂಡದವರು ಅಲ್ಲಿ ಕಟ್ಟಿದ ತಗಡಿನ ಮಸೀದಿ ಇಂದಿಗೂ ಇದೆ. ವಿಕ್ಟೋರಿಯಾದ ಗೋಧಿ ಸೀಮೆಯಲ್ಲಿ ಮುರ್ಟೊವಾ ಎಂಬ ಸಣ್ಣ ಊರಿದೆ. ಯುದ್ಧಕಾಲದಲ್ಲಿ, 1941-42ರಲ್ಲಿ, ಮಾರಾಟವಾಗದ ಗೋಧಿಯನ್ನು ತುಂಬಿಡಲು ನೂರಾರು ಮರದ ಕಂಬಗಳ ಮೇಲೆ ಎತ್ತಿದ ಕಣಜ ಅಲ್ಲಿದೆ. ಒಳಗೆ ನಿಂತರೆ ಕಂಬಗಳ ಸಾಲು ನೋಡಿ ಹಂಪಿ ನೆನಪಾಗುತ್ತದೆ.

ಆದರೆ ದುಡಿಮೆಯ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ಈ ಹುಡುಗನನ್ನೇ ಮೊದಲು ಕರೆಸಿಕೊಂಡ ಗುತ್ತಿಗೆದಾರನೊಬ್ಬ ಹಾಸಿಗೆಯ ಬಾಡಿಗೆ ಮುಂಗಡ ಪಡೆದು, ಎರಡು ವಾರ ಕೆಲಸವನ್ನೇ ಕೊಡದೆ ಕೂರಿಸಿದ್ದ. 2022ರ ಏಪ್ರಿಲ್‌ನಿಂದ ತೋಟದ ಕೆಲಸದಲ್ಲಿ ಬುಟ್ಟಿಲೆಕ್ಕದ ಕೂಲಿಯವರಿಗೂ ಗಂಟೆಗಿಷ್ಟು ಎಂಬ ಕನಿಷ್ಠ ವೇತನದ ಖಾತರಿಯಿದೆ. ದುಡಿದ ಗಂಟೆಗಳನ್ನು ದಿನವೂ ಬರೆದಿಡಿ, ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಬೇಡಿ, ತೊಂದರೆಯಾದರೆ ದುಡಿಯುವವರ ದೂರು ಕೇಳುವ ಸರ್ಕಾರಿ ಸಂಸ್ಥೆಯಾದ ಫೇರ್ ವರ್ಕ್ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. ಮನೆಯವರಿಗೆ ಗಾಬರಿಯಾಗುತ್ತದೆಂದು ಮುಚ್ಚಿಟ್ಟು ಕೊರಗಬೇಡಿ, ನಮಗೆ ಫೋನ್ ಮಾಡಿ.

ಇನ್ನೊಂದು ಮಾತು ಕೊಪ್ಪಳದವಳಾಗಿ ಹೇಳಲೇಬೇಕು. ಹಂಪಿಯ ಆಚೆ ದಡದ ವಿರೂಪಾಪುರ ಗಡ್ಡಿಯೂ ಒಮ್ಮೆ ಯಾರೂ ನೋಡದ ಜಾಗವೇ ಆಗಿತ್ತು. ಬಂದವರು ಬಂದವರಿಗೆ ಹೇಳಿ, ಭತ್ತದ ಗದ್ದೆಗಳ ಜಾಗದಲ್ಲಿ ರೆಸಾರ್ಟುಗಳೆದ್ದು, ಕೊನೆಗೆ 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಅವನ್ನೆಲ್ಲ ಕೆಡವಿದರು. ಆದ್ದರಿಂದ ಅಜ್ಜಿಯೊಬ್ಬರು ಪ್ರೀತಿಯಿಂದ ತೋರಿಸಿದ ಜಾಗವನ್ನು ಅಂದೇ ಸಂಜೆ ಗುರುತು ಸಮೇತ ಊರಿಗೆಲ್ಲ ಹಂಚುವ ಮುನ್ನ ಅವರನ್ನೊಮ್ಮೆ ಕೇಳಿ.

ಈಗ ಕೂಟದ ಸೂಚನೆಗಳು. ಎಳ್ಳಮಾವಾಸ್ಯೆಯ ಚರಗ ಮತ್ತು ಬುತ್ತಿಯೂಟ ಡಿಸೆಂಬರ್ ಮೂರನೆಯ ಭಾನುವಾರ, ಸದಸ್ಯರೊಬ್ಬರ ತೋಟದಲ್ಲಿ, ಬೆಳಿಗ್ಗೆ 10ಕ್ಕೆ. ಸಜ್ಜೆ ರೊಟ್ಟಿ ತರುವವರು ಮೊದಲೇ ತಿಳಿಸಿದರೆ ಎಲ್ಲರೂ ಅದನ್ನೇ ತರುವುದು ತಪ್ಪುತ್ತದೆ. ಒಣ ಹುಲ್ಲಿನ ಕಾಲ, ಒಲೆ ಹಚ್ಚುವಂತಿಲ್ಲ. ಮಕ್ಕಳ ಕನ್ನಡ ತರಗತಿ ಫೆಬ್ರವರಿ ಮೊದಲ ಶನಿವಾರದಿಂದ ಮತ್ತೆ ಶುರು. ಗ್ರಂಥಾಲಯದ ಪುಸ್ತಕಗಳನ್ನು ಚರಗದ ದಿನವೇ ಹಿಂತಿರುಗಿಸಿ. ಸದಸ್ಯತ್ವ ಶುಲ್ಕ ಉಳಿಸಿಕೊಂಡವರು ದಯವಿಟ್ಟು ಪಾವತಿಸಿ.

ಊರ ಕಡೆಯಿಂದ ಒಂಟಿಯಾಗಿ ಬಂದಿಳಿಯುವ ಈ ಮಕ್ಕಳನ್ನು ವಿಮಾನ ನಿಲ್ದಾಣದಿಂದ ಕರೆತರಲು, ಮೊದಲ ಎರಡು ರಾತ್ರಿ ಮಲಗಲು ಜಾಗ ಕೊಡಲು ಒಪ್ಪುವ ಮನೆಗಳ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ಈಗ ಅದರಲ್ಲಿರುವುದು ಮೂರೇ ಮನೆ. ಹಾಗೆಯೇ, ಈ ಪತ್ರಿಕೆಯ ಟೈಪಿಂಗು, ಕರಡು ತಿದ್ದುವುದು, ಪುಟ ಕಟ್ಟುವುದು ಎಲ್ಲವನ್ನೂ ಆರು ವರ್ಷದಿಂದ ನಾನೊಬ್ಬಳೇ ಮಾಡುತ್ತಿದ್ದೇನೆ. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಕುಳಿತು ಮಾಡುವುದು ಈಗ ಕಷ್ಟವಾಗುತ್ತಿದೆ. ತಿಂಗಳಿಗೆ ಎರಡು ಸಂಜೆ ಕೊಡಬಲ್ಲವರು ಯಾರಾದರೂ ಇದ್ದರೆ, ಹೇಗೆ ಮಾಡುವುದೆಂದು ನಾನು ಪಕ್ಕದಲ್ಲಿ ಕುಳಿತು ಕಲಿಸಿಕೊಡುತ್ತೇನೆ.

ನಿನ್ನೆ ರಾತ್ರಿ ಹುಡುಗ ಮತ್ತೆ ಫೋನ್ ಮಾಡಿದ್ದ. ಸಿಂಧನೂರಿನಿಂದ ಬಸ್ಸಿನಲ್ಲಿ ಅಷ್ಟು ಹತ್ತಿರವಿದ್ದರೂ ಅವನು ಮೋರೇರ ಗುಡ್ಡವನ್ನು ನೋಡಿಲ್ಲ. ಊರಿಗೆ ಮರಳಿದ ಮೇಲೆ ಹೋಗುತ್ತೇನೆ, ಯಾರನ್ನು ಕೇಳಲಿ ಎಂದ. ಚಿಕ್ಕಪ್ಪನ ಮಗನ ನಂಬರ್ ಕೊಟ್ಟಿದ್ದೇನೆ. ಆ ನಗಾರಿ ಕಲ್ಲಿನ ಸದ್ದನ್ನು ತನಗೆ ಫೋನಿನಲ್ಲಿ ಕೇಳಿಸಬೇಕೆಂದು ಮಗಳು ಅವನಿಂದ ಮಾತು ತೆಗೆದುಕೊಂಡಿದ್ದಾಳೆ. ಅಮಾವಾಸ್ಯೆ ಎಂದು ಬರುತ್ತದೆಂದು ನೋಡಿಕೊಂಡು ಹೋಗು, ಉಳಿದ ದಿನ ಚಿಕ್ಕಪ್ಪನ ಮಗ ಗದ್ದೆಯಲ್ಲಿರುತ್ತಾನೆ ಎಂದು ಹುಡುಗನಿಗೆ ಹೇಳಿದ್ದೇನೆ.