ಹಾಲು ಹೊಯ್ದ ಮೇಲೆ ಬಂದ ಮಾತು

ಪ್ರೀತಿಯ ತಮ್ಮಾ,

ನಿನ್ನ ಕಥೆ ಓದಿದೆ. ಮಾತು ಬಾರದ ಹುಡುಗ ಕೊನೇ ಸಾಲಿನಲ್ಲಿ 'ಅಮ್ಮಾ' ಅನ್ನುತ್ತಾನೆ. ಓದಿದವರು ಕಣ್ಣೊರೆಸಿಕೊಳ್ಳುತ್ತಾರೆ, ನಿಜ. ನನಗೆ ಮಾತ್ರ ಅಲ್ಲೇ ಕಲ್ಲು ಸಿಕ್ಕಿದ ಹಾಗಾಯಿತು.

ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋನ 'ಲಾಂಫಾಂ ಸೊವಾಜ್' (ಕಾಡು ಹುಡುಗ) ನೋಡು. 1970ರ ಕಪ್ಪುಬಿಳುಪು ಸಿನಿಮಾ, ನಡೆದ ಕಥೆ. ಫ್ರಾನ್ಸಿನ ಅವೆರೋನ್ ಸೀಮೆಯ ಕಾಡಿನಲ್ಲಿ ಸಿಕ್ಕಿದ ಹುಡುಗನನ್ನು 1800ರಲ್ಲಿ ಪ್ಯಾರಿಸ್ಸಿನ ಕಿವುಡ ಮಕ್ಕಳ ಶಾಲೆಗೆ ತರುತ್ತಾರೆ. ಅವನಿಗೆ ಪಾಠ ಹೇಳಲು ನಿಂತವನು ಇತಾರ್ ಅನ್ನೋ ಡಾಕ್ಟರು, ವಯಸ್ಸು 26. ಸಿನಿಮಾದಲ್ಲಿ ಆ ಪಾತ್ರ ತ್ರೂಫೋನದೇ. 'ಓ' ಅಂದರೆ ಹುಡುಗ ತಿರುಗಿ ನೋಡುತ್ತಾನೆ ಅಂತ ವಿಕ್ತೋರ್ ಎಂದು ಹೆಸರಿಟ್ಟರು.

ಈಗ ಹಾಲಿನ ವಿಷಯ. ಫ್ರೆಂಚಿನಲ್ಲಿ ಹಾಲಿಗೆ 'ಲೇ'. ಹುಡುಗ ಅದನ್ನು ಬಾಯಿಬಿಟ್ಟು ಕೇಳಲಿ ಅಂತ ಇತಾರ್ ಕಾಯುತ್ತಾನೆ. ಹುಡುಗ ಬಟ್ಟಲು ಚಾಚುತ್ತಾನೆ, ಅಷ್ಟೇ. ಕೊನೆಗೆ ಇತಾರ್ ಸೋತು ಹಾಲು ಹೊಯ್ಯುತ್ತಾನೆ. ಆಗ ಬರುತ್ತದೆ, 'ಲೇ'! ನೀನೋ ನಾನೋ ಆಗಿದ್ದರೆ ಅಲ್ಲೇ ಕಥೆ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದೆವು, ಅಲ್ವಾ? ಇತಾರ್‌ಗೆ ಬೇಜಾರಾಯಿತು. ಮಾತು ಹಾಲಿಗಿಂತ ಮುಂಚೆ ಬರಬೇಕಿತ್ತು, ಆಮೇಲೆ ಬಂತು. ಅದು ಕೇಳಿದ್ದಲ್ಲ, ಸುಮ್ನೆ ಖುಷಿಗೆ ಅಂದದ್ದು. ಅದನ್ನು ಹಾಗೇ 1801ರ ವರದಿಯಲ್ಲಿ ಬರೆದುಬಿಟ್ಟ, ತನ್ನ ಸೋಲು ಅಂತ ಗೊತ್ತಿದ್ದೂ.

ನನಗೆ ಆ ಧೈರ್ಯ ಇರಲಿಲ್ಲ. ಅಜ್ಜಿ ಸತ್ತಾಗ ಬರೆದ ಲೇಖನದಲ್ಲಿ ಅವಳ ಬಾಯಿಗೆ ಒಂದು ದೊಡ್ಡ ಕೊನೇ ಮಾತು ತುರುಕಿದ್ದೆ. ಅವಳು ನಿಜವಾಗಿ ಅಂದದ್ದು, "ಫ್ಯಾನ್ ಆರಿಸೋ, ಚಳಿ."

ಮಾತೇ ಬೇಕು ಅಂತಲೂ ಇಲ್ಲ. ಒಮ್ಮೆ ಹುಡುಗ ಪಾಠ ಸರಿಯಾಗಿಯೇ ಮಾಡಿದ್ದರೂ ಇತಾರ್ ಬೇಕಂತಲೇ ಅವನನ್ನು ಕತ್ತಲೆ ಗೂಡಿಗೆ ನೂಕುತ್ತಾನೆ. ಹುಡುಗ ಇತಾರ್‌ನ ಕೈ ಕಚ್ಚುತ್ತಾನೆ. ಇವನಿಗೆ ಅನ್ಯಾಯ ಅಂದರೇನು ಅಂತ ಗೊತ್ತು ಎಂದು ಇತಾರ್ ಹಿಗ್ಗುತ್ತಾನೆ. ಪರೀಕ್ಷೆ ಕ್ರೂರವೇ, ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ಆ ಕಚ್ಚು ನಿನ್ನ 'ಅಮ್ಮಾ'ಗಿಂತ ಜಾಸ್ತಿ ಹೇಳುತ್ತದೆ.

ವಿಕ್ತೋರ್ ಕೊನೆಗೂ ಮಾತು ಕಲಿಯಲಿಲ್ಲ. ಮನೆಯಲ್ಲಿ ಅವನನ್ನು ನೋಡಿಕೊಂಡ ಮದಾಮ್ ಗೆರಾಂ ಜೊತೆಗೇ ಇದ್ದು 1828ರಲ್ಲಿ ತೀರಿಕೊಂಡ. ಸಿನಿಮಾ ಅಲ್ಲಿಯವರೆಗೆ ಹೋಗುವುದಿಲ್ಲ. ಓಡಿಹೋದ ಹುಡುಗ ತಾನಾಗಿ ವಾಪಸ್ ಬರುತ್ತಾನೆ. ಮತ್ತೆ ಪಾಠ ಶುರು ಮಾಡೋಣ ಅನ್ನುತ್ತಾನೆ ಇತಾರ್. ಹುಡುಗ ಮೆಟ್ಟಿಲು ಹತ್ತುತ್ತಾ ತಿರುಗಿ ನೋಡುತ್ತಾನೆ. ಮುಖದಲ್ಲಿ ನಗು ಗಿಗು ಏನೂ ಇಲ್ಲ.

ನಿನ್ನ ಮೂರನೇ ಪುಟದಲ್ಲಿ ಹುಡುಗ ಅಮ್ಮನ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು ಮಲಗುತ್ತಾನಲ್ಲ, ಅದು ಎಲ್ಲಿಂದ ಬಂತು? ಅಲ್ಲಿಂದ ಮತ್ತೆ ಬರೆದು ಕಳಿಸು.

ನಿನ್ನ ಅಣ್ಣ