ಮೃತ ಖಾತೆದಾರರ ಠೇವಣಿಯನ್ನು ನಾಮಿನಿಗೆ ಕೊಡದೆ ಸತಾಯಿಸುತ್ತಿರುವ ಬಗ್ಗೆ ದೂರು

ಶಾಖಾ ವ್ಯವಸ್ಥಾಪಕರಿಗೆ, ಮಂಗಳೂರು
ಪ್ರತಿ: ವಲಯ ಕಚೇರಿಯ ಕುಂದುಕೊರತೆ ವಿಭಾಗಕ್ಕೆ

ಮಾನ್ಯರೇ,

ಫೋನಿನಲ್ಲಿ ವಿನಯದಿಂದ ಕೇಳಿ ಕೇಳಿ ಸಾಕಾಗಿದೆ. ಇನ್ನು ಏನಿದ್ದರೂ ಬರಹದಲ್ಲಿ.

ನನ್ನ ತಂದೆಯವರು ನಿಮ್ಮ ಶಾಖೆಯಲ್ಲಿ ಒಂದು ಉಳಿತಾಯ ಖಾತೆ, ಎರಡು ನಿರಖು ಠೇವಣಿ ಇಟ್ಟಿದ್ದರು. ಮೂರಕ್ಕೂ ಅಮ್ಮನೇ ನಾಮಿನಿ. ಠೇವಣಿ ರಸೀದಿಯಲ್ಲಿ ಅವರ ಹೆಸರನ್ನು ಮುದ್ರಿಸಿದ್ದು ನಿಮ್ಮದೇ ಯಂತ್ರ. ಉತ್ತರಕ್ರಿಯೆ ಮುಗಿದ ಮೇಲೆ ಕ್ಲೇಮ್ ಅರ್ಜಿ, ಪಾಲಿಕೆಯ ಮರಣ ಪ್ರಮಾಣಪತ್ರ, ಅಮ್ಮನ ಆಧಾರ್ ಪ್ರತಿ ಕೊಟ್ಟೆವು. ನಾಮಿನಿ ಇರುವಲ್ಲಿ ಇಷ್ಟು ಸಾಕು ಎಂಬುದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ. ನಿಮ್ಮವರು ಮೊದಲು ವಂಶವೃಕ್ಷ ಕೇಳಿದರು, ನಾಡಕಚೇರಿಯಿಂದ ತಂದೆವು. ಛಾಪಾ ಕಾಗದದಲ್ಲಿ ಜಾಮೀನುದಾರರ ಸಹಿ ಕೇಳಿದರು, ಅದನ್ನೂ ತಂದೆವು. ಈಗ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರವೇ ಬೇಕಂತೆ.

ಕಳೆದ ಸೋಮವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ತಾಳೆ ನೋಡಿಕೊಳ್ಳಿ.

ಸುರತ್ಕಲ್‌ನಿಂದ ಬಸ್ಸಿನಲ್ಲಿ ಬಂದ ಅಮ್ಮ ಟೋಕನ್ ಹಿಡಿದು ಕಾದು ಕೌಂಟರಿಗೆ ಹೋದರು. ಅಧಿಕಾರಿ ಕಡತ ಬಿಡಿಸದೆಯೇ, "ಯಾರು ಸತ್ತದ್ದು?" ಎಂದರು. "ನಮ್ಮ ಯಜಮಾನರು." "ಕೇಳಿಸುವುದಿಲ್ಲ, ಜೋರಾಗಿ ಹೇಳಿ." ಅಮ್ಮ ಗಾಜಿನ ಕಿಂಡಿಗೆ ಬಾಗಿ ಮತ್ತೊಮ್ಮೆ ಹೇಳಿದರು. ಆಧಾರ್‌ನಲ್ಲಿರುವ ಇನಿಶಿಯಲ್ ಠೇವಣಿ ರಸೀದಿಯಲ್ಲಿಲ್ಲ. ಅದರ ಮೇಲೆ ಬೆರಳಿಟ್ಟ ಆ ಮಹನೀಯರು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೇಳಿದರು: "ನೀವೇ ಹೆಂಡತಿ ಎಂದು ನಂಬುವುದು ಹೇಗೆ? ನಾಳೆ ಇನ್ನೊಬ್ಬಳು ಬಂದರೆ?" ಪಕ್ಕದ ಮೇಜಿನವರು ನಕ್ಕರು. ಅಮ್ಮ ಒಂದು ಮಾತೂ ಆಡದೆ, ಪ್ಲಾಸ್ಟಿಕ್ ಚೀಲ ಬಿಡಿಸಿ ತಮ್ಮ ಹಳೆಯ ಪಾಸ್‌ಪೋರ್ಟ್ ತೆಗೆದರು. ಅಪ್ಪ ಮಸ್ಕತ್‌ನಲ್ಲಿ ದುಡಿಯುತ್ತಿದ್ದಾಗ ಮಾಡಿಸಿದ್ದು. ಕೊನೆಯ ಪುಟದಲ್ಲಿ ಪತಿಯ ಹೆಸರಿದೆ. ಅಧಿಕಾರಿ ಪುಟ ತಿರುವಿ, "ಇದರ ಅವಧಿ ಮುಗಿದಿದೆ" ಎಂದು ಕಿಂಡಿಯಿಂದ ಹೊರಕ್ಕೆ ತಳ್ಳಿದರು. ಪಾಸ್‌ಪೋರ್ಟಿನ ಅವಧಿ ಮುಗಿದರೆ ಮದುವೆಯ ಅವಧಿಯೂ ಮುಗಿಯುತ್ತದೆಂಬ ಸುತ್ತೋಲೆ ನಿಮ್ಮಲ್ಲಿದ್ದರೆ ನನಗೂ ಒಂದು ಪ್ರತಿ ಕಳುಹಿಸಿ.

ಬೇರೆ ವಾರಸುದಾರರು ಬಂದರೆ ಬ್ಯಾಂಕಿಗೆ ತೊಂದರೆ ಎಂದು ಆಮೇಲೆ ನನಗೆ ಸಮಜಾಯಿಷಿ ಕೊಟ್ಟಿರಿ. ಏನು ತೊಂದರೆ? ನಾಮಿನಿಗೆ ಕೊಟ್ಟಲ್ಲಿಗೆ ನಿಮ್ಮ ಹೊಣೆ ತೀರಿತು. ಆ ಹಣ ಅವರ ಕೈಯಲ್ಲಿರುವುದು ವಾರಸುದಾರರೆಲ್ಲರ ಪರವಾಗಿ. ಹಂಚಿಕೊಳ್ಳುವುದು ನಮ್ಮ ಮನೆಯ ವಿಷಯ. ನಾಮಿನಿ ಇದ್ದರೆ, ಮೊತ್ತ ಎಷ್ಟೇ ಇರಲಿ, ಉತ್ತರಾಧಿಕಾರ ಪ್ರಮಾಣಪತ್ರವಾಗಲಿ ಜಾಮೀನಾಗಲಿ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2005ರಲ್ಲೇ ಹೇಳಿದೆ. ದಾಖಲೆಗಳು ಕೈಸೇರಿದ 15 ದಿನಗಳೊಳಗೆ ಇತ್ಯರ್ಥವಾಗಬೇಕೆಂದೂ ಹೇಳಿದೆ. 2025ರ ಸೆಪ್ಟೆಂಬರ್‌ನ ನಿರ್ದೇಶನದಲ್ಲಿ, ಬ್ಯಾಂಕಿನಿಂದಾದ ವಿಳಂಬಕ್ಕೆ, ರಿಸರ್ವ್ ಬ್ಯಾಂಕೇ ನಿಗದಿಪಡಿಸುವ 'ಬ್ಯಾಂಕ್ ದರ'ದ ಮೇಲೆ ಶೇ. 4ರಷ್ಟು ಸೇರಿಸಿ ಬಡ್ಡಿ ಕೊಡಬೇಕೆಂದಿದೆ. ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಕುಳಿತು ಇದನ್ನು ಬ್ಯಾಂಕಿನವರಿಗೇ ಓದಿ ಹೇಳಬೇಕಾಗಿದೆ.

ಖಾತೆ ಸ್ಥಗಿತಗೊಂಡಿದೆ ಎನ್ನುತ್ತೀರಿ. ನಮಗೆ ಮಾತ್ರ. ಎಟಿಎಂ ಕಾರ್ಡನ್ನು ಕತ್ತರಿಸಿ ನಿಮ್ಮ ಕೈಗೇ ಕೊಟ್ಟ ಮೇಲೂ ಅದರ ವಾರ್ಷಿಕ ಶುಲ್ಕ ಅದೇ ಖಾತೆಯಿಂದ ಸಲೀಸಾಗಿ ಕಡಿತವಾಗಿದೆ. ಠೇವಣಿಯನ್ನು ಅವಧಿಗೆ ಮೊದಲೇ ಮುರಿದರೆ ದಂಡ ಹಾಕುತ್ತೇವೆ ಎಂದೂ ಹೆದರಿಸಿದ್ದೀರಿ. ಠೇವಣಿದಾರರು ತೀರಿಕೊಂಡಾಗ ದಂಡವಿಲ್ಲ. ಅಪ್ಪ ಸತ್ತದ್ದು ನಿಮ್ಮ ಅನುಮತಿ ಪಡೆಯದೆ ಎಂಬುದೇ ಅಪರಾಧವಾದರೆ ಬೇರೆ ಮಾತು.

ಹಣ, ಬಡ್ಡಿ, ಕಡಿತ ಮಾಡಿದ ಶುಲ್ಕ, ಜೊತೆಗೆ ಅಮ್ಮನಿಗೆ ಲಿಖಿತ ಕ್ಷಮೆ: ಇಷ್ಟೂ ಬೇಕು. 30 ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಹೋಗುತ್ತದೆ. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ; ಆಗ ಆ ಅಧಿಕಾರಿಯ ಹೆಸರನ್ನೂ ಸೇರಿಸುತ್ತೇನೆ, ನಕ್ಕವರದನ್ನೂ. ದುಬೈಯಲ್ಲಿರುವ ನನ್ನ ತಮ್ಮನ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಠೇವಣಿಗಳೂ ನಿಮ್ಮಲ್ಲೇ ಇವೆ. ಮುಂದಿನ ರಜೆಯಲ್ಲಿ ಅವುಗಳನ್ನು ಮುಚ್ಚಲು ಅವನು ಜೀವಂತವಾಗಿಯೇ ಬರುತ್ತಾನೆ. ಅದಕ್ಕೆ ಏನೇನು ಪ್ರಮಾಣಪತ್ರ ಬೇಕೆಂದು ಈಗಲೇ ತಿಳಿಸಿಬಿಡಿ.

ಇತಿ,
ದಿವಂಗತ ಖಾತೆದಾರರ ಮಗಳು