ರಾಗ ಕಟ್ಟಿದವರ ಹೆಸರೂ ಇರಲಿ

ಪ್ರೀತಿಯ ಗೆಳೆಯ,

ನಿಮ್ಮ ಚರ್ಚಿನ ಗಾಯನ ಮಂಡಳಿಗೆಂದು ನೀನು ಸಿದ್ಧಪಡಿಸಿ ಕಳುಹಿಸಿದ ಹಾಡಿನ ಹಾಳೆಗಳು ತಲುಪಿದವು. ಪ್ರತಿ ಗೀತೆಯ ಕೆಳಗೆ ಬರೆದವರ ಹೆಸರು ಹಾಕಿದ್ದೀಯೆ. ಇಷ್ಟು ವರ್ಷ ಅದೂ ಇರಲಿಲ್ಲವಾದ್ದರಿಂದ ನೋಡಿ ಸಂತೋಷವಾಯಿತು. ಆದರೆ ರಾಗ ಸಂಯೋಜಿಸಿದವರ ಹೆಸರು ಎಲ್ಲಿಯೂ ಕಾಣದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ನಿನ್ನ ಮೊದಲ ಹಾಳೆಯನ್ನೇ ತೆಗೆದುಕೋ, 'ಇಟ್ ಈಸ್ ವೆಲ್ ವಿತ್ ಮೈ ಸೋಲ್' (ನನ್ನ ಆತ್ಮ ಕ್ಷೇಮವಾಗಿದೆ). ಇದನ್ನು ಬರೆದ ಚಿಕಾಗೋದ ವಕೀಲ ಹೊರೇಷಿಯೋ ಸ್ಪಾಫರ್ಡ್ ಅವರ ಕಥೆ ನಮ್ಮ ಪ್ರಸಂಗಗಳಲ್ಲಿ ಎಷ್ಟೋ ಸಲ ಬಂದಿದೆ. 1873ರ ನವೆಂಬರ್ 22ರಂದು 'ವಿಲ್ ದ್ಯು ಆವ್ರ್' ಎಂಬ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಮತ್ತೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿದಾಗ ಅವರ ನಾಲ್ವರು ಹೆಣ್ಣುಮಕ್ಕಳೂ ತೀರಿಕೊಂಡರು. ಬದುಕುಳಿದ ಪತ್ನಿ ಆನ್ನಾ, ತಾನೊಬ್ಬಳೇ ಉಳಿದೆನೆಂದು ತಂತಿ ಕಳುಹಿಸಿದರು. ಪತ್ನಿಯನ್ನು ಕರೆತರಲು ಹೊರಟ ಸ್ಪಾಫರ್ಡ್, ಮಕ್ಕಳು ಮುಳುಗಿದ ಜಾಗವನ್ನು ದಾಟುವಾಗ ಹಡಗಿನಲ್ಲೇ ಇದನ್ನು ಬರೆದರೆಂದು ಮುಂದೆ ಹುಟ್ಟಿದ ಮಗಳು ಹೇಳಿದ್ದಾರೆ. ಗಾಯಕ ಐರಾ ಸ್ಯಾಂಕಿ ಅವರ ನೆನಪಿನಂತೆ, 1876ರಲ್ಲಿ ತಾವು ಸ್ಪಾಫರ್ಡ್ ಅವರ ಮನೆಯಲ್ಲಿ ಅತಿಥಿಯಾಗಿದ್ದಾಗ ಬರೆದದ್ದು. ಎರಡನೆಯದು ನಿಜವಾಗಿದ್ದರೂ ಹಾಡಿನ ತೂಕ ಕಡಿಮೆಯಾಗುವುದಿಲ್ಲ ಎಂದು ನಾನು ಭಾವಿಸುತ್ತೇನೆ. ಮೂರು ವರ್ಷ ಹೊತ್ತುಕೊಂಡು ನಡೆದ ದುಃಖ ಹಗುರವಾದದ್ದಲ್ಲ.

ಇನ್ನು ಆ ಮಾತುಗಳಿಗೆ ರಾಗ ಕಟ್ಟಿದ ಫಿಲಿಪ್ ಬ್ಲಿಸ್ ಅವರ ವಿಷಯ. ಪೆನ್ಸಿಲ್ವೇನಿಯಾದ ಬಡ ಕುಟುಂಬದಲ್ಲಿ ಹುಟ್ಟಿ, ಊರಿಂದೂರಿಗೆ ಹೋಗಿ ಸಂಗೀತ ಪಾಠ ಹೇಳಿ ಜೀವನ ಸಾಗಿಸಿದವರು ಅವರು. ತಮ್ಮ ರಾಗಕ್ಕೆ ಮುಳುಗಿದ ಹಡಗಿನ ಹೆಸರನ್ನೇ ಇಟ್ಟರು. ಪಲ್ಲವಿಯನ್ನು ಒಮ್ಮೆ ಗಮನವಿಟ್ಟು ಕೇಳು. ಮೇಲಿನ ಸ್ವರದವರು ಮೊದಲ ಮಾತನ್ನು ಹಾಡಿ ನಿಲ್ಲುತ್ತಾರೆ, ಆಗ ಗಂಡಸರ ಕೆಳಧ್ವನಿ ಅದೇ ಮಾತನ್ನು ತಿರುಗಿ ಹೇಳುತ್ತದೆ. ಮತ್ತೊಮ್ಮೆ ಹಾಗೆಯೇ ಆಗಿ, ಕೊನೆಯ ಸಾಲಿನಲ್ಲಿ ಎಲ್ಲರೂ ಒಟ್ಟುಗೂಡುತ್ತಾರೆ. ಒಬ್ಬರು ತಡವರಿಸುತ್ತಾ ಹೇಳಿದ್ದಕ್ಕೆ ಪಕ್ಕದಲ್ಲಿ ಕುಳಿತವರು 'ಹೌದು' ಎಂದಂತೆ ನನಗೆ ಪ್ರತಿಸಲವೂ ಕೇಳಿಸುತ್ತದೆ. ಕಾಗದದ ಮೇಲಿನ ಪದ್ಯದಲ್ಲಿ ಆ ಮಾರುತ್ತರವಿಲ್ಲ, ಅದನ್ನು ತಂದಿಟ್ಟವರು ಬ್ಲಿಸ್.

ರಾಗ ಪ್ರಕಟವಾದ ವರ್ಷವೇ, 1876ರ ಡಿಸೆಂಬರ್ 29ರ ರಾತ್ರಿ, ಓಹಾಯೋದ ಆಷ್ಟಬ್ಯುಲಾದಲ್ಲಿ ಸೇತುವೆ ಕುಸಿದು ಅವರಿದ್ದ ರೈಲು ಕೆಳಗೆ ಬಿತ್ತು, ಬೋಗಿಗಳಿಗೆ ಬೆಂಕಿ ಹತ್ತಿತು. ಬ್ಲಿಸ್ ಮತ್ತು ಪತ್ನಿ ಲೂಸಿ ಇಬ್ಬರೂ ಅಲ್ಲಿಯೇ ತೀರಿಕೊಂಡರು. ಬ್ಲಿಸ್ ಅವರಿಗೆ ಆಗ ಮೂವತ್ತೆಂಟು ವರ್ಷ. ಅವರ ಪೆಟ್ಟಿಗೆಯಲ್ಲಿ ಸಿಕ್ಕಿದ, ರಾಗವಿಲ್ಲದ ಒಂದು ಗೀತೆಗೆ ಮುಂದೆ ಜೇಮ್ಸ್ ಮೆಕ್‌ಗ್ರ್ಯಾನಹಾನ್ ಎಂಬವರು ರಾಗ ಹಾಕಿದರು. ನಿನ್ನ ಐದನೆಯ ಹಾಳೆಯಲ್ಲಿರುವ 'ಐ ವಿಲ್ ಸಿಂಗ್ ಆಫ್ ಮೈ ರಿಡೀಮರ್' ಅದೇ. ಇನ್ನೊಬ್ಬರ ಮಾತಿಗೆ ದನಿಯಾದವರ ಮಾತಿಗೆ ಮತ್ತೊಬ್ಬರು ದನಿಯಾದರು.

'ವಾಟ್ ಎ ಫ್ರೆಂಡ್' ಗೀತೆಯನ್ನು ಜೋಸೆಫ್ ಸ್ಕ್ರಿವನ್ ಕೆನಡಾದಿಂದ ಐರ್ಲೆಂಡಿನಲ್ಲಿದ್ದ ತಾಯಿಗಾಗಿ 1855ರಲ್ಲಿ ಬರೆದರು. 1868ರಲ್ಲಿ ಅದಕ್ಕೆ ರಾಗ ಕೊಟ್ಟವರು ಲೈಪ್‌ಜಿಗ್‌ನಲ್ಲಿ ಸಂಗೀತ ಕಲಿತ ವಕೀಲ ಚಾರ್ಲ್ಸ್ ಕಾನ್ವರ್ಸ್. 'ಬ್ಲೆಸೆಡ್ ಅಶ್ಯೂರೆನ್ಸ್' ವಿಷಯದಲ್ಲಂತೂ ರಾಗವೇ ಮೊದಲು ಹುಟ್ಟಿತು. 1873ರಲ್ಲಿ ಫೀಬಿ ನ್ಯಾಪ್ ತಾವು ಕಟ್ಟಿದ ರಾಗವನ್ನು ನುಡಿಸಿ, ಇದು ಏನು ಹೇಳುತ್ತದೆ ಎಂದು ಗೆಳತಿ ಫ್ಯಾನಿ ಕ್ರಾಸ್ಬಿಯವರನ್ನು ಕೇಳಿದರು. ಎಳೆಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ಫ್ಯಾನಿ, ಗೀತೆಯ ಮೊದಲ ಮಾತನ್ನೇ ಉತ್ತರವಾಗಿ ಹೇಳಿದರು. ಆ ಹಾಳೆಯಲ್ಲಿ ಫೀಬಿಯವರ ಹೆಸರು ಬಿಟ್ಟುಹೋಗಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿತು.

ಈ ಗೀತೆಗಳನ್ನು ನಾವು ಕನ್ನಡದಲ್ಲಿ ಹಾಡುವಾಗ ಮೂಲ ಕವಿಯ ಒಂದು ಪದವೂ ಉಳಿದಿರುವುದಿಲ್ಲ, ಭಾವವಷ್ಟೇ ದಾಟಿ ಬಂದಿರುತ್ತದೆ. ಸ್ವರಗಳು ಮಾತ್ರ ರಾಗ ಕಟ್ಟಿದವರು ಇಟ್ಟ ಕ್ರಮದಲ್ಲೇ ನಮ್ಮ ಬಾಯಿಗೆ ಬರುತ್ತವೆ. ಇಂಗ್ಲಿಷಿನ ಒಂದು ಸ್ವರಕ್ಕೆ ನಮ್ಮ ಎರಡು ಮೂರು ಅಕ್ಷರಗಳನ್ನು ಹೊಂದಿಸಿ, ಉಸಿರು ಕಟ್ಟದಂತೆ ಸಾಲು ಮುಗಿಸಿದ ಅನುವಾದಕರ ಶ್ರಮವೂ ಇದರಲ್ಲಿ ಸೇರಿದೆ.

ಆದ್ದರಿಂದ ಅಚ್ಚಿಗೆ ಕೊಡುವ ಮೊದಲು ಪ್ರತಿ ಹಾಳೆಯ ಕೆಳಗೆ ಮೂರು ಸಾಲು ಬಿಡು: ಬರೆದವರು, ರಾಗ ಕಟ್ಟಿದವರು, ಕನ್ನಡಕ್ಕೆ ತಂದವರು. ಮೊದಲೆರಡನ್ನು ನಾನು ತುಂಬಿ ಕಳುಹಿಸುತ್ತೇನೆ. ಮೂರನೆಯದಕ್ಕೆ ನಿಮ್ಮ ದೇವಾಲಯದ ಕಪಾಟಿನಲ್ಲಿರುವ ಹಳೆಯ ಸಂಗೀತ ಪುಸ್ತಕಗಳನ್ನು ತೆಗೆದು ನೋಡು.

ನಿನ್ನ ಪ್ರೀತಿಯ ಗೆಳೆಯ